ಅರ್ಧ ಕಟಿಂಗ್‌ಗೇ ಎದ್ದು ಹೋದ ಅಭಿಮಾನಿ

ಅರ್ಧ ತಲೆ ಕಟಿಂಗ್ ಆಗಿದ್ದ ಗಿರಾಕಿ ಮಂಜಣ್ಣ, ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯ ಸಮೇತ ಎದ್ದು ನನ್ನ ಅಂಗಡಿಯಿಂದ ಹೊರನಡೆದರು. ಅವರು ಮೆಚ್ಚಿದ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರನ ಬಗ್ಗೆ ಪಕ್ಕದ ಕುರ್ಚಿಯವರು, "ವಯಸ್ಸಾಯ್ತು ಕಣ್ರೀ, ಸಂಬಳ ಇಳಿಸಿ ಬೆಂಚಲ್ಲಿ ಕೂರಿಸ್ಬೇಕು" ಎಂದದ್ದೇ ಕಾರಣ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕತ್ತರಿ ಹಿಡಿದವನು ನಾನು. ಆ ತಲೆ ಹಾಗೇ ಆರ್.ಟಿ. ನಗರ ಸುತ್ತಿದರೆ ನಾನು ದುಡಿದು ಗಳಿಸಿದ ಹೆಸರು ಏನಾಗಬೇಕು? ಬಸ್ ಸ್ಟಾಪಿನವರೆಗೂ ಹಿಂದೆ ಓಡಿದೆ.

"ಮೊದ್ಲು ಹೇಳಪ್ಪ, ಅವನು ಇನ್ನೂ ಆಡ್ಬೇಕೋ ಬೇಡ್ವೋ?" ಎಂದು ಮಂಜಣ್ಣ ಬಸ್ಸಿಗೆ ಕಾಯುತ್ತಿದ್ದವರ ಎದುರೇ ಕೇಳಿದರು.

"ಆಡ್ಲಿ ಅಣ್ಣಾ, ಸಂಬಳಾನೂ ಜಾಸ್ತಿ ಕೊಡ್ಲಿ. ನೀವು ಬಂದು ಕೂತ್ಕೊಳ್ಳಿ" ಎಂದೆ. ಬಂದರು.

ಆ ಆಟಗಾರನ ಮುಖವನ್ನೂ ನಾನು ನೋಡಿಲ್ಲ. ಆದರೂ ಈಗ ಅವನ ತಂಡ ಗೆದ್ದಿರಲಿ ಎಂದು ಬೇಡಿಕೊಂಡೇ ಮಂಜಣ್ಣನ ತಲೆಗೆ ಕತ್ತರಿ ಇಡುತ್ತೇನೆ.