ಕುಡಿದಷ್ಟೂ ತುಂಬುತ್ತಿದ್ದ ಚೀಲ

ತಾಳ್ಯದಲ್ಲಿ ಹಿಟ್ಟಿನ ಗಿರಣಿ ನಡೆಸುವ ಮುರುಗೇಶಪ್ಪನವರಿಗೆ ಹೋದ ವರ್ಷ ಟೈಫಾಯ್ಡ್ ಬಂದು ಕರುಳು ತೂತಾಯಿತು. ಚಿತ್ರದುರ್ಗದಲ್ಲಿ ಆಪರೇಷನ್ ಮಾಡಿದ ಡಾಕ್ಟರು ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತೆಗೆದು, ಅದಕ್ಕೊಂದು ಚೀಲ ಅಂಟಿಸಿದರು. ಒಳಗೆ ಮಾಗಿದ ಮೇಲೆ ಮತ್ತೆ ಜೋಡಿಸುತ್ತೇವೆ ಎಂದರು. ಚೀಲ ಕಾಣದಂತೆ ದೊಗಳೆ ಅಂಗಿ ತೊಟ್ಟು ಮುರುಗೇಶಪ್ಪ ಇಪ್ಪತ್ತೇ ದಿನಕ್ಕೆ ಗಿರಣಿಗೆ ಬಂದು ಕುಂತರು.

ಏಪ್ರಿಲ್‌ನ ಒಂದು ಬೆಳಗ್ಗೆ ಚೀಲ ಗಂಟೆಗೊಮ್ಮೆ ತುಂಬತೊಡಗಿತು. ಬರುತ್ತಿದ್ದದ್ದು ಬರೀ ನೀರು. ಬಾಯಾರಿಕೆ ತಡೆಯಲಾರದೆ ಚೊಂಬುಗಟ್ಟಲೆ ಕುಡಿದರು. ಹೆಂಡತಿ ಕಮಲಮ್ಮ ಎಳನೀರು ತರಿಸಿದರು. ಕುಡಿದಷ್ಟೂ ಚೀಲ ಇನ್ನೂ ಬೇಗ ತುಂಬಿತು. ಹನ್ನೆರಡರ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತು. ಏಳಹೋದವರು ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿ ಕುಸಿದರು.

ಕಮಲಮ್ಮ ಆಪರೇಷನ್ ಆದ ಆಸ್ಪತ್ರೆಯ ನರ್ಸ್ ಪಲ್ಲವಿಗೆ ಫೋನ್ ಮಾಡಿದರು.

“ಉಚ್ಚೆ ಹೋಗಿದಾರಾ?” ಪಲ್ಲವಿ ಕೇಳಿದಳು.

“ಬೆಳಗ್ಗಿಂದ ಇಲ್ಲ ಕಣವ್ವ. ನೀರೇನೋ ಕುಡಿಸ್ತಾನೇ ಇದೀನಿ.”

“ಬರೀ ನೀರು ನಿಲ್ಲಿಸ್ರಿ! ಸಣ್ಣ ಕರುಳು ಹೀರಿ ಉಳಿದ ನೀರು, ಉಪ್ಪನ್ನ ಹೀರ್ಕಳ್ಳೋದು ದೊಡ್ಡ ಕರುಳು. ಇವರಿಗೆ ಅಲ್ಲೀತನಕ ಏನೂ ಹೋಗ್ತಿಲ್ಲ. ಬರೀ ನೀರು ಕುಡಿದ್ರೆ ಸಣ್ಣ ಕರುಳು ಮೈಯಾಗಿನ ಉಪ್ಪನ್ನೂ ಅದಕ್ಕೆ ಬಿಟ್ಟುಕೊಡ್ತೈತೆ, ಎರಡೂ ಚೀಲಕ್ಕೆ ಬೀಳ್ತವೆ. ಉಪ್ಪು, ಸಕ್ಕರೆ ಎರಡೂ ಸೇರಿದ್ರೆ ಕರುಳು ಒಳಕ್ಕೆ ಎಳ್ಕಂತೈತೆ, ಹಿಂದೇನೇ ನೀರೂ ಹೋಗ್ತೈತೆ. ನಾವು ಕೊಟ್ಟ ಓಆರ್‌ಎಸ್ ಪುಡಿ ಐತಾ?”

“ಐತೆ.”

“ಲೀಟರ್ ನೀರಿಗೆ ಒಂದು ಪ್ಯಾಕೆಟ್. ಗುಟುಕು ಗುಟುಕು ಕುಡಿಸ್ತಾ ಈಗಲೇ ಹೊರಡ್ರಿ.”

ಪಕ್ಕದ ಮನೆಯ ಬಸವೇಶ್ ಕಾರು ತೆಗೆದ. ಹೊಳಲ್ಕೆರೆ ದಾಟುವಾಗ ಮುರುಗೇಶಪ್ಪನವರ ಬೆರಳು ಸೆಟೆದುಕೊಂಡಿದ್ದವು. ಸೀಟಿನ ಮೇಲಿದ್ದ ನೀರಿನ ಬಾಟಲಿಗೆ ಕೈ ಚಾಚಿದರು.

“ಅದನ್ನ ಕೊಡೇ, ನಾಲಿಗೆ ಒಣಗೈತೆ.”

“ಬ್ಯಾಡ ರೀ, ಇದನ್ನ ಕುಡೀರಿ.”

“ಉಪ್ಪುಪ್ಪು, ವಾಕರಿಕೆ ಬರ್ತೈತೆ. ನನ್ನ ಸಾಯಿಸ್ತೀಯೇನೆ?”

ಕಮಲಮ್ಮ ಮೂವತ್ತು ವರ್ಷದಲ್ಲಿ ಗಂಡನಿಗೆ ಎದುರಾಡಿದವರಲ್ಲ. ಆ ಬಾಟಲಿ ಕಸಿದು ಕಿಟಕಿಯಾಚೆ ಎಸೆದರು. ಗಂಡನ ತಲೆಯನ್ನು ತೋಳಿಗೆ ಆನಿಸಿಕೊಂಡು, ಲೋಟದ ಅಂಚನ್ನು ತುಟಿಗೆ ಹಿಡಿದರು. ಒಂದು ಗುಟುಕು. ಕಾದರು. ಇನ್ನೊಂದು. ಅರ್ಧ ಆಚೆ ಚೆಲ್ಲಿತು, ಅರ್ಧ ಒಳಗೆ ಹೋಯಿತು.

ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಉಪ್ಪಿನಂಶ ತೀರಾ ಇಳಿದಿತ್ತು. ಎರಡೂ ಕೈಗೆ ಡ್ರಿಪ್ ಹಾಕಿದರು. ಬಿಪಿ ಮೇಲೇಳಲು ತಾಸು ಹಿಡಿಯಿತು. ಸಂಜೆ ಐದಕ್ಕೆ ಉಚ್ಚೆ ಹೋದರು ಎಂದು ಪಲ್ಲವಿ ಬಂದು ಹೇಳಿದಾಗ ಕಮಲಮ್ಮ ನೆಲದ ಮೇಲೆಯೇ ಕುಂತುಬಿಟ್ಟರು.

ಜೂನ್‌ನಲ್ಲಿ ಚೀಲ ತೆಗೆದು ಕರುಳು ಜೋಡಿಸಿದರು. ಐದನೇ ದಿನ ಮುರುಗೇಶಪ್ಪ ಆಸ್ಪತ್ರೆಯ ಕಕ್ಕಸಿನಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮೆಲ್ಲಗೆ, “ಆಯ್ತು ಕಣೇ” ಅಂದರು. ಗಂಡ ಹೆಂಡತಿ ಇಬ್ಬರೂ ವಾರ್ಡಿನವರೆಲ್ಲ ತಿರುಗಿ ನೋಡುವಂತೆ ನಕ್ಕರು.