ಬಿಳಿ ಪಟ್ಟೆ ಬಳಿಯುವ ಪಿಳ್ಳಪ್ಪ

ಬೆಳಗಿನ ಐದೂವರೆ. ಹೆಬ್ಬಾಳದ ಬಳ್ಳಾರಿ ರಸ್ತೆಗೆ ಖಾಲಿ ಡ್ರಮ್ಮೊಂದನ್ನು ಅಡ್ಡ ನಿಲ್ಲಿಸಿ, ಅದಕ್ಕೊಂದು ಕೆಂಪು ಬಟ್ಟೆ ಸಿಕ್ಕಿಸಿ, ಪಿಳ್ಳಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಡಾಂಬರಿನ ಮೇಲೆ ಮರದ ಚೌಕಟ್ಟು ಇಡುವುದು, ಒಳಗೆ ಬಿಳಿ ಬಣ್ಣ ಬಳಿಯುವುದು, ಎತ್ತಿ ಮುಂದಕ್ಕಿಡುವುದು. ಬಸ್ಸುಗಳ ಗಲಾಟೆ ಶುರುವಾಗುವ ಮುಂಚೆ, ಜನ ರಸ್ತೆ ದಾಟಲೆಂದು ಬಳಿಯುವ ಹದಿನಾಲ್ಕು ಪಟ್ಟೆ ಮುಗಿಯಬೇಕು. ದೇವನಹಳ್ಳಿ ಕಡೆಯ ಲಾರಿಯೊಂದು ಹಸಿ ಬಣ್ಣ ಮೆತ್ತಿಕೊಂಡೇ ಹೋಗುತ್ತದೆ. "ಕಣ್ಣು ಎಲ್ಲಿಟ್ಟಿದ್ದೀಯೋ!" ಎಂದು ಬೈದು ಪಿಳ್ಳಪ್ಪ ಮತ್ತೆ ಬ್ರಷ್ಷು ಅದ್ದುತ್ತಾರೆ.

ಐವತ್ತೆರಡರ ಪಿಳ್ಳಪ್ಪ ಹೆಬ್ಬಾಳ ಊರೊಳಗಿನವರೇ. ಗುತ್ತಿಗೆದಾರರೊಬ್ಬರ ಕೈಕೆಳಗೆ ರಸ್ತೆಗೆ ಬಣ್ಣ ಬಳಿಯುವ ಕೆಲಸ ಹಿಡಿದು ಈ ೧೯೮೪ಕ್ಕೆ ಹನ್ನೊಂದು ವರ್ಷ. ಯಶವಂತಪುರ, ಆರ್.ಟಿ. ನಗರ, ಯಲಹಂಕ ಎಂದು ಅವರು ಕೂರದ ರಸ್ತೆಯಿಲ್ಲ. ತುಳಿದುಕೊಂಡು ಹೋದವರು ಸಾವಿರಾರು ಮಂದಿ, ಬಳಿದವರು ಯಾರಪ್ಪಾ ಎಂದು ಕೇಳಿದ ಪುಣ್ಯಾತ್ಮರು ಒಬ್ಬರೂ ಇಲ್ಲ. ಸೊಂಟ ಹಿಡಿದುಕೊಂಡಿದೆ, ಬಣ್ಣದ ಘಾಟಿಗೆ ಕಣ್ಣು ಸದಾ ಕೆಂಪು. ಅದೆಲ್ಲ ಅವರಿಗೆ ಲೆಕ್ಕಕ್ಕೇ ಇಲ್ಲ. ಅವರನ್ನು ಒಳಗೊಳಗೇ ತಿನ್ನುತ್ತಿರುವುದು ಬೇರೆ.

ಹೋದ ವರ್ಷ ಇಲ್ಲಿ ಮೊದಲ ಸಲ ಪಟ್ಟೆ ಬಳಿದಾಗ ಊರ ಹೆಂಗಸರು ಅದರ ಮೇಲೆ ಕಾಲಿಡಲೇ ಇಲ್ಲ. ಕರಿ ನೆಲದ ಮೇಲೆ ಬೆಳ್ಳಗೆ ಎಳೆದದ್ದೆಂದರೆ ರಂಗೋಲಿಯಿದ್ದ ಹಾಗೆ, ತುಳಿಯುವುದುಂಟೇ! ಪಟ್ಟೆ ಬಿಟ್ಟು ಪಕ್ಕದಲ್ಲೇ ಸೀರೆ ಎತ್ತಿಕೊಂಡು ಓಡುತ್ತಿದ್ದರು. ಪಿಳ್ಳಪ್ಪನವರ ಎದುರುಮನೆಯ ಸೊಣ್ಣಮ್ಮ ರಸ್ತೆಯಾಚೆ ಬಸ್ ಸ್ಟಾಪಿನಲ್ಲಿ ಸೊಪ್ಪು ಮಾರುವವರು. "ಇಷ್ಟು ಚೆಂದಾಗಿ ಬರ್ದಿದ್ದೀಯ, ಕೊಳೆಗಾಲಲ್ಲಿ ತುಳಿಯಕ್ಕಾಯ್ತದಾ? ತೆಗಿ ತೆಗಿ!" ಎಂದು ಅವರೂ ಪಕ್ಕದಲ್ಲೇ ಓಡಿದ್ದರು.

"ನಾನೇ ಯೋಳ್ದೆ ಸಾಮಿ," ಎನ್ನುತ್ತಾರೆ ಪಿಳ್ಳಪ್ಪ. "'ಅಕ್ಕಾ, ಇದು ರಂಗೋಲಿ ಅಲ್ಲ, ತುಳಿಯಕ್ಕೇ ಬಳ್ದಿರೋದು. ಇದ್ರ ಮ್ಯಾಲೆ ಕಾಲಿಟ್ರೆ ಗಾಡಿಗಳೇ ನಿಂತ್ಕಂತವೆ' ಅಂದೆ. ಎಲ್ಡ್ ದಿನ ಕೈ ಹಿಡ್ಕಂಡು ದಾಟಿಸ್ದೆ. ನೋಡ್ಕಂಡು ದಾಟು ಅಂತ ಮಾತ್ರ ಅನ್ನಲಿಲ್ಲ, ನನ್ನ ಬಾಯಿಗೆ ಮಣ್ಣು ಹಾಕ!"

ಮೂವತ್ತು ವರ್ಷ ಅತ್ತ ಇತ್ತ ನೋಡಿ ಓಡುತ್ತಿದ್ದ ಸೊಣ್ಣಮ್ಮ ಮೂರನೆಯ ದಿನ ಒಬ್ಬರೇ ಪಟ್ಟೆಯ ಮೇಲೆ ನಿಧಾನವಾಗಿ ನಡೆದರು. ನಂಬಿದ್ದೇ ತಪ್ಪಾಯಿತು. ಲಾರಿ ನಿಲ್ಲಲಿಲ್ಲ. ಜೀವ ಉಳಿಯಿತು, ಎಡಗಾಲು ಮೊದಲಿನಂತಾಗಲಿಲ್ಲ. ಜನ ಹಿಡಿದು ಕೇಳಿದಾಗ ಡ್ರೈವರ್ ಹೇಳಿದ್ದು ಇಷ್ಟೇ: "ಪೈಪು ಹಾಕಕ್ಕೆ ಗುರುತು ಮಾಡವ್ರೆ ಅಂದ್ಕೊಂಡೆ ಕಣ್ರಣ್ಣಾ."

"ಅವನೂ ಸುಳ್ಳು ಯೋಳ್ಲಿಲ್ಲ," ಪಿಳ್ಳಪ್ಪ ತಲೆ ತಗ್ಗಿಸುತ್ತಾರೆ. "ನಡಿಯೋರ್ಗೆ ನಾನ್ ಯೋಳ್ದೆ. ಓಡ್ಸೋರ್ಗೆ ಯಾರ್ ಯೋಳಿದ್ರು?"

ಅಂದಿನಿಂದ ಪಿಳ್ಳಪ್ಪ ಎಲ್ಲೇ ಪಟ್ಟೆ ಬಳಿದರೂ ಆಮೇಲೆ ಒಂದು ಗಂಟೆ ಕೆಂಪು ಬಟ್ಟೆ ಹಿಡಿದು ರಸ್ತೆಯಲ್ಲೇ ನಿಲ್ಲುತ್ತಾರೆ. ಅದಕ್ಕೆ ಕೂಲಿಯಿಲ್ಲ, ಹೇಳಿದವರೂ ಇಲ್ಲ. ದಿನಕ್ಕೆ ನಲವತ್ತು ಗಾಡಿ ಅಡ್ಡಗಟ್ಟಿ, ಪಟ್ಟೆಯ ಮೇಲೆ ಜನ ಕಂಡರೆ ನಿಲ್ಲಿಸಿ ಎಂದರೆ ಹತ್ತು ಮಂದಿ ಕೇಳಿಸಿಕೊಂಡಾರು. ಉಳಿದವರ ಪಾಲಿಗೆ ಕೋಣನ ಮುಂದೆ ಕಿನ್ನರಿ, ಮೇಲೆ ಬೈಗುಳ ಬೇರೆ.

ಏಳು ಗಂಟೆಗೆ ಸೊಣ್ಣಮ್ಮ ಕೋಲೂರಿಕೊಂಡು ರಸ್ತೆಯಂಚಿಗೆ ಬಂದು ಬುಟ್ಟಿ ಇಳಿಸುತ್ತಾರೆ. ಈಗ ವ್ಯಾಪಾರವೆಲ್ಲ ಈ ಬದಿಯಲ್ಲೇ. ಗಿರಾಕಿಗಳಿರುವುದು ಆಚೆ, ಅರ್ಧ ಸೊಪ್ಪು ಬಾಡಿಯೇ ಹೋಗುತ್ತದೆ. ಪಿಳ್ಳಪ್ಪ ಓಡಿಹೋಗಿ ಲಾರಿಯೊಂದನ್ನು ನಿಲ್ಲಿಸಿ ಕೂಗುತ್ತಾರೆ: "ಬಾ ಅಕ್ಕಾ, ನಿಂತೈತೆ! ನಾನಿದ್ದೀನಿ ಬಾ!"

ಸೊಣ್ಣಮ್ಮ ಕದಲುವುದಿಲ್ಲ. "ಇವತ್ತು ನೀನಿದ್ದೀಯ ಕಣಪ್ಪಾ. ನಾಳೆ ಆರ್.ಟಿ. ನಗರದಾಗೆ ಬಳೀತಿರ್ತೀಯ. ಆವಾಗ ಯಾರು ನಿಲ್ಸಾರು?" ಮಾತಿನಲ್ಲಿ ಸಿಟ್ಟಿಲ್ಲ. ಸಿಟ್ಟಾದರೂ ಇದ್ದಿದ್ದರೆ ಪಿಳ್ಳಪ್ಪನವರಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಲಾರಿ ಹಾರನ್ ಬಾರಿಸುತ್ತದೆ. ಪಿಳ್ಳಪ್ಪ ಪಕ್ಕಕ್ಕೆ ಸರಿಯುತ್ತಾರೆ. ಏನು ಆಸೆ ಎಂದು ಕೇಳಿದರೆ ಕೆಂಪು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೇಳುತ್ತಾರೆ:

"ನಾನಿಲ್ದಿದ್ ದಿನ ಒಂದೇ ಒಂದು ಲಾರಿ ತಾನಾಗೇ ನಿಂತ್ಕಬೇಕು, ಅದುನ್ನ ಅಕ್ಕ ಕಣ್ಣಾರೆ ನೋಡ್ಬೇಕು. ದಾಟುದ್ರೆ ದಾಟ್ಲಿ, ಬಿಟ್ರೆ ಬಿಡ್ಲಿ. ನಾನು ಯೋಳಿದ್ದು ಸುಳ್ಳಲ್ಲ ಅಂತ ಆಯಮ್ಮಂಗೆ ಗೊತ್ತಾದ್ರೆ ಸಾಕು."