ಅಮ್ಮ ತಾಳ ಹಾಕಿದ ಹಾಡು

ಎಪ್ಪತ್ತರ ದಶಕದ ಕೊನೆ. ಜಯನಗರದ ನಮ್ಮ ಮನೆಯ ಹಾಲಿನಲ್ಲಿ ಅಮ್ಮ ಹುಡುಗಿಯರಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದರು. ಮಗಳಾದ ನಾನು ಮಾತ್ರ ಬಸ್ಸು ಹಿಡಿದು ಕಂಟೋನ್ಮೆಂಟಿಗೆ ಹೋಗಿ, ಅಲ್ಲಿನ ಪಾಶ್ಚಾತ್ಯ ಗಾಯನವೃಂದದಲ್ಲಿ ಸೊಪ್ರಾನೊ, ಅಂದರೆ ಹೆಂಗಸರ ಅತಿ ಎತ್ತರದ ದನಿ, ಹಾಡುತ್ತಿದ್ದೆ. ಅಮ್ಮ ಬೇಡವೆನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ವೃಂದದ ಕಾರ್ಯಕ್ರಮವೊಂದನ್ನು ಕೇಳಿ ಮನೆಗೆ ಮರಳುವಾಗ ಅಮ್ಮ, "ಅಷ್ಟು ಜನದಲ್ಲಿ ನಿನ್ನ ದನಿ ಕೇಳಿಸ್ಲೇ ಇಲ್ವಲ್ಲೇ" ಎಂದರು.

"ಕೇಳಿಸಬಾರ್ದಮ್ಮ. ಎಲ್ಲರ ದನೀಲಿ ಬೆರೀಬೇಕು, ಅದೇ ಕೆಲಸ."

"ಹಾಗಾದ್ರೆ ನೀನೇ ಯಾಕೆ ಬೇಕು?"

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬಳೇ ನಿಂತು ಹಾಡಿ ತೋರಿಸಿಯೇ ಸಿದ್ಧ ಎಂದುಕೊಂಡೆ. ದಿನಾ ಬೆಳಗ್ಗೆ ತಾರಸಿಯ ಮೇಲೆ ಸಾಧನೆ ಮಾಡಿದೆ. ಪಕ್ಕದ ಮನೆಯ ಆಂಟಿ ಕಾಂಪೌಂಡಿನಾಚೆಯಿಂದ "ಯಾರಿಗೇನಾಯ್ತಮ್ಮ?" ಎಂದು ವಿಚಾರಿಸಿದರೂ ನಿಲ್ಲಿಸಲಿಲ್ಲ.

ಕೆಲವು ವರ್ಷಗಳ ಮೇಲೆ ಏಕಗಾಯನದ ಅವಕಾಶ ಸಿಕ್ಕಿತು. ಆ ಸಭಾಂಗಣದಲ್ಲಿ ಕೆಮ್ಮುವುದಕ್ಕೂ ಜನ ಹಿಂಜರಿಯುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕತೊಡಗಿದರು. ಅಕ್ಕಪಕ್ಕದವರು ತಿರುಗಿ ನೋಡಿದರು. ನೋಡಲಿ ಬಿಡಿ. ನಾನು ಹಾಡಿದೆ.

ಕೊನೆಯ ಎತ್ತರದ ಸ್ವರಕ್ಕೆ ಬಂದಾಗ ಪಿಯಾನೊ ಸುಮ್ಮನಾಯಿತು, ಲಯವೂ ನಿಂತಿತು. ಆ ಸ್ವರವನ್ನು ನಾನೊಬ್ಬಳೇ ಹಿಡಿದು ನಿಲ್ಲಬೇಕಿತ್ತು. ತಾಳಕ್ಕೆಂದು ಅಮ್ಮ ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು.

ನಾನು ಸ್ವರ ಬಿಡುವವರೆಗೂ ಅವರು ಕೈ ಇಳಿಸಲಿಲ್ಲ.